ಟ್ರಸ್ಸಿನ ಲೆಕ್ಕದ ಜೊತೆಗೆ ಒಂದು ಕನ್ನಡ ಪುಟವಿರಲಿ

ಮಾನ್ಯ ಸಂಪಾದಕರಿಗೆ,

ಸಾದರ ವಂದನೆಗಳು.

ಪ್ರತಿ ವರ್ಷ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಮುಂಗಾರಿಗೆ ಮೊದಲಿನ ಗಾಳಿ ಎದ್ದಾಗಲೆಲ್ಲ, ಪತ್ರಾಸ್, ಅಂದರೆ ಚಾವಣಿಯ ತಗಡು, ಹಾರಿಹೋದ ಮತ್ತು ಶೆಡ್ ಕುಸಿದ ಸುದ್ದಿಗಳು ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಪುಟಗಳಲ್ಲಿ ಬರುತ್ತವೆ. ಒಮ್ಮೆ ಶಾಲೆಯ ಬಿಸಿಯೂಟದ ಶೆಡ್, ಇನ್ನೊಮ್ಮೆ ಒಣದ್ರಾಕ್ಷಿ ಮಾಡುವ ಶೆಡ್, ಮತ್ತೊಮ್ಮೆ ಸಂತೆಕಟ್ಟೆಯ ಚಾವಣಿ. ಸುದ್ದಿಯಲ್ಲಿ ಕಾರಣವೆಂದು ಗಾಳಿಯೊಂದರ ಹೆಸರೇ ಇರುತ್ತದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ರಚನಾ ವಿಶ್ಲೇಷಣೆಯನ್ನು ಕಲಿಸಿದ ನನಗೆ ಆ ಸುದ್ದಿಗಳನ್ನು ಓದುವಾಗ ಪ್ರತಿ ಸಲವೂ ಕಾಡುವ ಪ್ರಶ್ನೆಯೊಂದಿದೆ: ಆ ಚಾವಣಿಯನ್ನು ಹೊತ್ತ ಟ್ರಸ್ಸಿನ, ಅಂದರೆ ಸರಳುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟಿನ, ಲೆಕ್ಕವನ್ನು ಯಾರು ಮಾಡಿದರು, ಮತ್ತು ಲೆಕ್ಕ ಮಾಡುವಾಗ ಅವರು ಏನನ್ನು ಊಹಿಸಿಕೊಂಡಿದ್ದರು? ಈ ಪತ್ರ ಆ ಊಹೆಗಳ ಕುರಿತಾದುದು.

ಇದಕ್ಕೆ ಪ್ರೇರಣೆಯಾದ ಪ್ರಸಂಗವನ್ನು ಮೊದಲು ಹೇಳುತ್ತೇನೆ. ನಮ್ಮ ಜಿಲ್ಲೆಯ ಒಂದು ಹಳ್ಳಿಯ ಶಾಲೆಯವರು ತಮ್ಮ ಸಭಾಂಗಣದ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಿದೆ, ಬಂದು ನೋಡಬೇಕು ಎಂದು ನನ್ನನ್ನು ಕರೆದರು. ಎರಡು ಉದ್ದ ಗೋಡೆಗಳ ಮೇಲೆ ಉಕ್ಕಿನ ಟ್ರಸ್ಸುಗಳನ್ನು ಕೂರಿಸಿ ಪತ್ರಾಸ್ ಹೊದಿಸಿದ, ಕಟ್ಟಿ ಎರಡೇ ವರ್ಷವಾಗಿದ್ದ ಕಟ್ಟಡವದು. ಬಿರುಕು ಗೋಡೆಯ ತಲೆಯಲ್ಲಿ, ಟ್ರಸ್ಸು ಕೂತ ಜಾಗದ ಸ್ವಲ್ಪ ಕೆಳಗೆ, ಅಡ್ಡಲಾಗಿ ಓಡಿತ್ತು. ಓಳಂಬ ಇಳಿಬಿಟ್ಟು ನೋಡಿದರೆ ಗೋಡೆಯ ಮೇಲ್ತುದಿ ಹೊರಕ್ಕೆ ವಾಲಿರುವುದು ಬರಿಗಣ್ಣಿಗೇ ತಿಳಿಯುತ್ತಿತ್ತು. ಟ್ರಸ್ಸಿನ ಎರಡು ಕಾಲುಗಳನ್ನು ಜೋಡಿಸುವ ಕೆಳಗಿನ ಟೈ ಇರಬೇಕಾದ ಜಾಗದಲ್ಲಿ ಕೈಯಿಂದ ಅಲ್ಲಾಡಿಸಿದರೆ ಅಲ್ಲಾಡುವ ತೆಳ್ಳಗಿನ ಸರಳೊಂದು ತೂಗುತ್ತಿತ್ತು. ಕಡತ ತರಿಸಿದೆ. ನೂರಕ್ಕೂ ಹೆಚ್ಚು ಪುಟಗಳ ಗಣಕಯಂತ್ರದ ಲೆಕ್ಕ, ಬಣ್ಣದ ಚಿತ್ರಗಳು, ಕೊನೆಯ ಪುಟದಲ್ಲಿ ಎಲ್ಲ ಸರಳುಗಳ ಎದುರಿಗೆ ಸುರಕ್ಷಿತ ಎಂಬ ಷರಾ. ಕೆಳಗಿನ ಟೈಗೆ ಎದುರಾಗಿ ಬಲ ಶೂನ್ಯ ಎಂದು ಅಚ್ಚಾಗಿತ್ತು. ಬಲವೇ ಇಲ್ಲದ ಸರಳಿಗೆ ದಪ್ಪ ಉಕ್ಕು ಏಕೆಂದು ತೆಳ್ಳಗಿನದನ್ನು ಹಾಕಿದ್ದರು. ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಿರಲಿಲ್ಲ. ಆ ಶಾಲೆಯನ್ನಾಗಲಿ, ಲೆಕ್ಕ ಮಾಡಿದವರನ್ನಾಗಲಿ, ಗುತ್ತಿಗೆದಾರರನ್ನಾಗಲಿ ಹೆಸರಿಸುವ ಉದ್ದೇಶ ನನಗಿಲ್ಲ. ಇದೇ ತಪ್ಪನ್ನು ನನ್ನ ತರಗತಿಯ ಜಾಣ ವಿದ್ಯಾರ್ಥಿಗಳು ಮಾಡಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ.

ತಪ್ಪು ಏನೆಂಬುದನ್ನು ಎಂಜಿನಿಯರ್ ಅಲ್ಲದ ಓದುಗರಿಗೂ ತಿಳಿಯುವಂತೆ ಹೇಳಲು ಮೂರೇ ಸರಳುಗಳ ತ್ರಿಕೋನವೊಂದನ್ನು ತೆಗೆದುಕೊಳ್ಳುತ್ತೇನೆ. ಎರಡು ಗೋಡೆಗಳ ನಡುವಿನ ಅಂತರ 6 ಮೀಟರ್, ತುದಿಯ ಎತ್ತರ 4 ಮೀಟರ್. ಆಗ ಎರಡು ಇಳಿಜಾರು ಸರಳುಗಳ ಉದ್ದ ತಲಾ 5 ಮೀಟರ್ ಆಗುತ್ತದೆ. ಕೆಳಗೆ 6 ಮೀಟರ್ ಉದ್ದದ ಟೈ. ತುದಿಯ ಮೇಲೆ 40 ಕಿಲೋನ್ಯೂಟನ್, ಅಂದರೆ ಸುಮಾರು 4 ಟನ್ ಭಾರವಿದೆ ಎನ್ನೋಣ. ಪ್ರತಿ ಗೋಡೆಗೆ 20 ಕಿಲೋನ್ಯೂಟನ್ ಇಳಿಯುತ್ತದೆ. ಇಳಿಜಾರು ಸರಳುಗಳಲ್ಲಿ ತಲಾ 25 ಕಿಲೋನ್ಯೂಟನ್ ಒತ್ತುಬಲ ಹುಟ್ಟುತ್ತದೆ. ಆ ಸರಳುಗಳ ಕಾಲುಗಳು ಹೊರಕ್ಕೆ ಜಾರಲು ಹವಣಿಸುವುದರಿಂದ, ಅವುಗಳನ್ನು ಹಿಡಿದಿಡುವ ಟೈನಲ್ಲಿ 15 ಕಿಲೋನ್ಯೂಟನ್ ಎಳೆತ ಇರಲೇಬೇಕು. ಇಷ್ಟನ್ನು ಡಿಪ್ಲೊಮಾ ಓದುವ ಹುಡುಗ ಕಾಗದ, ಪೆನ್ಸಿಲ್ ಹಿಡಿದು ಐದು ನಿಮಿಷದಲ್ಲಿ ಮಾಡಬಲ್ಲ.

ಇದನ್ನೇ ಗಣಕಯಂತ್ರದ ತಂತ್ರಾಂಶ ಬಳಸುವ ಫೈನೈಟ್ ಎಲಿಮೆಂಟ್ ವಿಧಾನ, ಅಂದರೆ ರಚನೆಯನ್ನು ಎಲಿಮೆಂಟ್ ಎಂಬ ತುಂಡುಗಳಾಗಿ ಒಡೆದು ಬಿಡಿಸುವ ವಿಧಾನ, ಬೇರೆ ದಾರಿಯಿಂದ ಮಾಡುತ್ತದೆ. ಅದು ಬಲವನ್ನು ನೇರವಾಗಿ ಹುಡುಕುವುದಿಲ್ಲ. ಸರಳುಗಳು ಕೂಡುವ ಗಂಟುಗಳು ಎಷ್ಟು ಸರಿದವು ಎಂಬುದನ್ನು ಮೊದಲು ಹುಡುಕುತ್ತದೆ. ಪ್ರತಿ ಸರಳನ್ನೂ ಒಂದು ಗಟ್ಟಿ ಸ್ಪ್ರಿಂಗ್ ಎಂದು ಭಾವಿಸಬೇಕು. ಅಡ್ಡಛೇದದ ವಿಸ್ತೀರ್ಣವನ್ನು ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕದಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ ಆ ಸ್ಪ್ರಿಂಗಿನ ಬಿಗಿತ ಸಿಗುತ್ತದೆ. ನಮ್ಮ ಟೈನ ವಿಸ್ತೀರ್ಣ 500 ಚದರ ಮಿಲಿಮೀಟರ್ ಆಗಿದ್ದರೆ ಅದರ ಬಿಗಿತ ಮಿಲಿಮೀಟರಿಗೆ ಸುಮಾರು 16.7 ಕಿಲೋನ್ಯೂಟನ್, 1000 ಚದರ ಮಿಲಿಮೀಟರಿನ ಇಳಿಜಾರು ಸರಳಿನದು 40 ಕಿಲೋನ್ಯೂಟನ್. ಸರಳು ಯಾವ ಕೋನದಲ್ಲಿ ನಿಂತಿದೆಯೋ ಆ ಕೋನಕ್ಕೆ ತಕ್ಕಂತೆ ಈ ಬಿಗಿತವನ್ನು ಅಡ್ಡ ಮತ್ತು ಲಂಬ ದಿಕ್ಕುಗಳಿಗೆ ಹಂಚಿ, ನಾಲ್ಕು ಅಡ್ಡಸಾಲು ನಾಲ್ಕು ಕಂಬಸಾಲುಗಳ ಕೋಷ್ಟಕವಾಗಿ ಬರೆಯುತ್ತಾರೆ. ಒಂದೇ ಗಂಟಿಗೆ ಬಂದು ಸೇರುವ ಸರಳುಗಳ ಪಾಲುಗಳನ್ನು ಅದೇ ಜಾಗದಲ್ಲಿ ಕೂಡುತ್ತ ಹೋದರೆ ಇಡೀ ಟ್ರಸ್ಸಿನ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್, ಅಂದರೆ ಬಿಗಿತದ ಕೋಷ್ಟಕ, ಸಿದ್ಧವಾಗುತ್ತದೆ. ಮೂರು ಗಂಟುಗಳು, ಪ್ರತಿ ಗಂಟಿಗೆ ಎರಡು ಚಲನೆಗಳು. ಹೀಗಾಗಿ ನಮ್ಮ ತ್ರಿಕೋನಕ್ಕೆ ಆರು ಅಡ್ಡಸಾಲು ಆರು ಕಂಬಸಾಲು.

ಈ ಹಂತದಲ್ಲಿ ವಿದ್ಯಾರ್ಥಿ ಒಂದು ಕ್ಷಣ ನಿಲ್ಲಬೇಕು. ಈ ಮ್ಯಾಟ್ರಿಕ್ಸಿನಿಂದ ಇನ್ನೂ ಉತ್ತರ ಬರುವುದಿಲ್ಲ, ಏಕೆಂದರೆ ಟ್ರಸ್ಸು ಎಲ್ಲಿ ಕೂತಿದೆ ಎಂಬುದನ್ನು ನಾವು ಇನ್ನೂ ಹೇಳಿಲ್ಲ. ಆಧಾರವಿಲ್ಲದ ಟ್ರಸ್ಸು ಎಡಬಲಕ್ಕೆ ಸರಿಯಬಹುದು, ಮೇಲೆ ಕೆಳಗೆ ಹೋಗಬಹುದು, ತಿರುಗಲೂಬಹುದು. ಇಷ್ಟೆಲ್ಲ ಆದರೂ ಯಾವ ಸರಳೂ ಒಂದು ಕೂದಲಿನಷ್ಟು ಹಿಗ್ಗುವುದಿಲ್ಲ. ಅದಕ್ಕೇ ಸಮೀಕರಣಕ್ಕೆ ಒಂದೇ ಉತ್ತರ ಎಂಬುದಿಲ್ಲ. ಎಡಗಡೆಯ ಗಂಟನ್ನು ಪಿನ್ ಎಂದು, ಅಂದರೆ ಎರಡೂ ದಿಕ್ಕಿನಲ್ಲಿ ಹಿಡಿದಿದೆ ಎಂದು, ಬಲಗಡೆಯದನ್ನು ರೋಲರ್ ಎಂದು, ಅಂದರೆ ಅಡ್ಡಲಾಗಿ ಸರಿಯಬಲ್ಲದು ಎಂದು ಬರೆದಾಗ ಆರರಲ್ಲಿ ಮೂರು ಚಲನೆಗಳು ಕಳೆದು ಮೂರು ಅಜ್ಞಾತಗಳು ಉಳಿಯುತ್ತವೆ. ಬಿಡಿಸಿದರೆ ತುದಿ ಸುಮಾರು 1.12 ಮಿಲಿಮೀಟರ್ ಕುಗ್ಗುತ್ತದೆ, ಬಲಗಡೆಯ ಕಾಲು 0.9 ಮಿಲಿಮೀಟರ್ ಹೊರಕ್ಕೆ ಸರಿಯುತ್ತದೆ, ಟೈನಲ್ಲಿ 15 ಕಿಲೋನ್ಯೂಟನ್ ಬರುತ್ತದೆ. ಕಾಗದದ ಲೆಕ್ಕವೂ ಗಣಕಯಂತ್ರದ ಲೆಕ್ಕವೂ ತಾಳೆಯಾಗುತ್ತವೆ.

ಈಗ ಎರಡೂ ಕಡೆ ಪಿನ್ ಎಂದು ಬರೆಯಿರಿ. ತಂತ್ರಾಂಶದಲ್ಲಿ ಇದು ಒಂದು ಕ್ಲಿಕ್ಕಿನ ವ್ಯತ್ಯಾಸ. ಎಲ್ಲ ಆಧಾರಗಳನ್ನೂ ಒಟ್ಟಿಗೆ ಆರಿಸಿ ಒಂದೇ ಗುರುತು ಕೊಡುವುದು ಸುಲಭವಾದ್ದರಿಂದ ಅವಸರದಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ. ಟೈನ ಎರಡು ತುದಿಗಳೂ ಸರಿಯಲಾರವು ಎಂದಮೇಲೆ ಟೈ ಹಿಗ್ಗಲಾರದು. ಹಿಗ್ಗದ ಸ್ಪ್ರಿಂಗಿನಲ್ಲಿ ಬಲವಿಲ್ಲ. ಆದ್ದರಿಂದ ಉತ್ತರ ಶೂನ್ಯ. ಆ 15 ಕಿಲೋನ್ಯೂಟನ್ ಎಲ್ಲಿ ಹೋಯಿತು? ಪ್ರತಿ ಗೋಡೆಯ ತಲೆಯ ಮೇಲೆ ಹೊರಮುಖವಾಗಿ, ಟ್ರಸ್ಸೊಂದಕ್ಕೆ ಒಂದೂವರೆ ಟನ್ನಿನಂತೆ ಹೋಗಿ ಕೂತಿತು. ಲೆಕ್ಕದ ದೃಷ್ಟಿಯಿಂದ ಗಣಕಯಂತ್ರ ಯಾವ ತಪ್ಪನ್ನೂ ಮಾಡಿಲ್ಲ. ಕೆಳಮುಖ ಭಾರಗಳ ಮೊತ್ತ 40, ಆಧಾರಗಳ ಮೇಲ್ಮುಖ ಬಲಗಳ ಮೊತ್ತವೂ 40. ಎಡಬಲದ ತಳ್ಳುಬಲಗಳು ಒಂದನ್ನೊಂದು ಕಳೆದು ಸೊನ್ನೆ. ಆದ್ದರಿಂದ ಮೊತ್ತ ತಾಳೆ ನೋಡುವ ನಮ್ಮ ಹಳೆಯ ರೂಢಿಯಿಂದಲೂ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಪ್ರತಿ ಆಧಾರದ ಅಡ್ಡ ಬಲವನ್ನು ಬೇರೆಯಾಗಿ ಓದಿ, ಈ ಗೋಡೆ ಇದನ್ನು ತಡೆಯಬಲ್ಲುದೇ ಎಂದು ಕೇಳಿಕೊಂಡವರಿಗೆ ಮಾತ್ರ ಅದು ಕಾಣುತ್ತದೆ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಭೀಮೆ, ಡೋಣಿ ನದಿಗಳ ಬಯಲಿನಲ್ಲಿ ಇರುವುದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿ ಎಬ್ಬಿಸಿದ ಗೋಡೆಯನ್ನು ಅಲುಗಾಡದ ಪಿನ್ ಎಂದು ಬರೆಯುವುದು ಆ ಮಣ್ಣನ್ನು ಒಮ್ಮೆಯೂ ನೋಡದವರ ಮಾತು. ಮೇಲಿನ ಉದಾಹರಣೆಯಲ್ಲಿ ಎರಡು ಗೋಡೆಗಳ ತಲೆಗಳ ನಡುವಿನ ಅಂತರ 0.9 ಮಿಲಿಮೀಟರ್ ಹೆಚ್ಚಿದರೆ ಸಾಕು, ಸರಿಯಾದ ಗಾತ್ರದ ಟೈ ಪೂರ್ತಿ 15 ಕಿಲೋನ್ಯೂಟನ್ನನ್ನೂ ತಾನೇ ಹೊತ್ತು ಗೋಡೆಯನ್ನು ಬಿಡುಗಡೆ ಮಾಡುತ್ತದೆ. ಆದರೆ ಟೈ ಬದಲಿಗೆ 12 ಮಿಲಿಮೀಟರ್ ಸರಳನ್ನು ಹಾಕಿದ್ದರೆ ಅದು ಅಷ್ಟು ಬಲ ಹೊರಲು ಸುಮಾರು 4 ಮಿಲಿಮೀಟರ್ ಹಿಗ್ಗಬೇಕು. ಜೋತು ಬಿದ್ದಿದ್ದರೆ ಮೊದಲು ಆ ಜೋತು ಕಳೆದು ನೆಟ್ಟಗಾಗಬೇಕು. ಅಷ್ಟರೊಳಗೆ ಇಟ್ಟಿಗೆಯ ಗೋಡೆ ಬಿರುಕು ಬಿಟ್ಟಿರುತ್ತದೆ. ನಾನು ಆ ಶಾಲೆಯಲ್ಲಿ ಕಂಡದ್ದು ಇದನ್ನೇ. ಅಲ್ಲಿನ ಟ್ರಸ್ಸಿನಲ್ಲಿ ಸರಳುಗಳು ಹೆಚ್ಚಿದ್ದವು, ಅಂಕಿಗಳು ಬೇರೆ ಇದ್ದವು. ನಡೆದ ಸಂಗತಿ ಈ ತ್ರಿಕೋನದ್ದೇ.

ಎರಡನೆಯ ಊಹೆ ಇದಕ್ಕಿಂತ ಅಪಾಯಕಾರಿ. ಸಾಮಾನ್ಯ ರೇಖೀಯ ವಿಶ್ಲೇಷಣೆಯಲ್ಲಿ ಸರಳು ಎಳೆತಕ್ಕೂ ಒತ್ತುಬಲಕ್ಕೂ ಒಂದೇ ರೀತಿ ವರ್ತಿಸುವ ಸ್ಪ್ರಿಂಗ್. ನಿಜವಾದ ಆ್ಯಂಗಲ್, ಅಂದರೆ L ಆಕಾರದ ಉಕ್ಕಿನ ಸರಳು, ಹಾಗಲ್ಲ. ಎಳೆದರೆ ನೆಟ್ಟಗಾಗುತ್ತದೆ, ಒತ್ತಿದರೆ ಪಕ್ಕಕ್ಕೆ ಬಾಗುತ್ತದೆ. ನಮ್ಮ 5 ಮೀಟರ್ ಇಳಿಜಾರು ಸರಳಿನಲ್ಲಿ 25 ಕಿಲೋನ್ಯೂಟನ್ ಒತ್ತುಬಲವಿದೆ. 1000 ಚದರ ಮಿಲಿಮೀಟರಿಗೆ ಹಂಚಿದರೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್. ಸಾಮಾನ್ಯ ಉಕ್ಕು 250 ನ್ಯೂಟನ್‌ವರೆಗೆ ತಡೆಯುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಎಂದು ಚಿತ್ರದಲ್ಲಿ ಆ ಸರಳು ತಂಪಾದ ನೀಲಿ ಬಣ್ಣದಲ್ಲಿ ಕಾಣಿಸುತ್ತದೆ. ಆದರೆ ಆ ಆ್ಯಂಗಲ್‌ನ ಕನಿಷ್ಠ ರೇಡಿಯಸ್ ಆಫ್ ಗೈರೇಶನ್, ಅಂದರೆ ಅಡ್ಡಛೇದ ಎಷ್ಟು ಹರಡಿಕೊಂಡಿದೆ ಎಂಬುದರ ಅಳತೆ, 15 ಮಿಲಿಮೀಟರ್ ಇದ್ದರೆ, ಉದ್ದವನ್ನು ಅದರಿಂದ ಭಾಗಿಸಿ ಸಿಗುವ ತೆಳುತನದ ಅನುಪಾತ 333 ಆಗುತ್ತದೆ. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಅವರ ಸೂತ್ರದ ಪ್ರಕಾರ ಅಂಥ ಸರಳು ಪ್ರತಿ ಚದರ ಮಿಲಿಮೀಟರಿಗೆ 18 ನ್ಯೂಟನ್ ಆಗುವುದರೊಳಗೇ ಬಾಗಿ ಕೈಬಿಡುತ್ತದೆ. ಅಂದರೆ ನೀಲಿ ಬಣ್ಣದ ಆ ಸರಳು ನಿಲ್ಲುವುದೇ ಇಲ್ಲ. ಉಕ್ಕಿನ ಕಟ್ಟಡಗಳಿಗಿರುವ ನಮ್ಮ ಭಾರತೀಯ ಮಾನಕ ಐಎಸ್ 800:2007 ಕಟ್ಟಡದ ತೂಕ ಮತ್ತು ಬಳಕೆಯ ಭಾರದಿಂದ ಒತ್ತುಬಲ ಹೊರುವ ಸರಳಿಗೆ ಈ ಅನುಪಾತ 180ನ್ನು ಮೀರಬಾರದೆಂದು ಕಟ್ಟಪ್ಪಣೆ ಮಾಡಿರುವುದು ಇದಕ್ಕಾಗಿಯೇ. ಸರಳಿನ ನಡುವೆ ಒಂದು ಗಟ್ಟಿ ಅಡ್ಡ ಆಧಾರ ಕೊಟ್ಟರೆ ಬಾಗುವ ಉದ್ದ ಅರ್ಧವಾಗಿ, ತಡೆಯುವ ಶಕ್ತಿ ನಾಲ್ಕು ಪಟ್ಟು, ಸುಮಾರು 71 ನ್ಯೂಟನ್ ಆಗುತ್ತದೆ. ಹೀಗೆ ಎಲ್ಲವೂ ಆ ಅಡ್ಡ ಆಧಾರ ನಿಜವಾಗಿ ಇದೆಯೇ ಎಂಬುದರ ಮೇಲೆ ನಿಂತಿದೆ. ಅದು ಇದೆಯೆಂದು ತಂತ್ರಾಂಶಕ್ಕೆ ಹೇಳಿ, ಕಟ್ಟುವಾಗ ಬಿಟ್ಟರೆ?

ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಹೀಗೆಯೇ ಆಯಿತು. ಅಲ್ಲಿನ ಸಿವಿಕ್ ಸೆಂಟರ್ ಕ್ರೀಡಾಂಗಣದ ಚಾವಣಿ ಸುಮಾರು 110 ಮೀಟರ್ ಉದ್ದ, 91 ಮೀಟರ್ ಅಗಲದ ಉಕ್ಕಿನ ಸ್ಪೇಸ್ ಟ್ರಸ್, ಅಂದರೆ ಮೂರೂ ಆಯಾಮಗಳಲ್ಲಿ ಹರಡಿದ ಸರಳುಗಳ ಜಾಲ. ಗಣಕಯಂತ್ರದ ವಿಶ್ಲೇಷಣೆಯನ್ನು ನೆಚ್ಚಿಕೊಂಡು ಎಪ್ಪತ್ತರ ದಶಕದ ಆರಂಭದಲ್ಲಿ ಅದನ್ನು ವಿನ್ಯಾಸ ಮಾಡಿದ್ದರು. 1978ರ ಜನವರಿ 18ರ ನಸುಕಿನಲ್ಲಿ ಹಿಮದ ಭಾರಕ್ಕೆ ಇಡೀ ಚಾವಣಿ ಕುಸಿದು ನೆಲಕ್ಕೆ ಬಿತ್ತು. ಕೆಲವೇ ಗಂಟೆಗಳ ಹಿಂದೆ ಅದರ ಕೆಳಗೆ ಸುಮಾರು 5,000 ಜನ ಕೂತು ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಿದ್ದರು. ಮೇಲ್ಪದರದ ಒತ್ತುಬಲದ ಸರಳುಗಳಿಗೆ ನಡುವೆ ಅಡ್ಡ ಆಧಾರವಿದೆ ಎಂದು ಲೆಕ್ಕ ಭಾವಿಸಿತ್ತು. ಕಟ್ಟಿದ ರೀತಿಯಲ್ಲಿ ಆ ಆಧಾರ ಸಾಕಷ್ಟು ಇರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಇನ್ನೊಂದು ವಿವರ. ಕಟ್ಟುತ್ತಿದ್ದಾಗಲೇ ಚಾವಣಿ ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಎರಡು ಪಟ್ಟು ಬಾಗಿರುವುದನ್ನು ಅಳೆದು ನೋಡಿದ್ದರು. ಉಕ್ಕು ತನ್ನ ಸ್ಥಿತಿಯನ್ನು ಹೇಳಿತ್ತು. ಅಚ್ಚಾದ ಕಾಗದವನ್ನು ನಂಬಿ ಮುಂದುವರಿದರು.

ಮೂರನೆಯದು ಗಾಳಿ. ಪತ್ರಾಸ್ ಚಾವಣಿಯ ತೂಕ, ಪರ್ಲಿನ್ (ಟ್ರಸ್ಸುಗಳ ಮೇಲೆ ಕೂತು ಪತ್ರಾಸ್ ಹೊರುವ ಅಡ್ಡಪಟ್ಟಿ) ಮತ್ತು ಟ್ರಸ್ಸು ಸೇರಿ, ಚದರ ಮೀಟರಿಗೆ 20 ಕಿಲೋ ಅಂದಾಜಿನಲ್ಲಿರುತ್ತದೆ. ಗಾಳಿಯ ಭಾರಕ್ಕಿರುವ ಮಾನಕ ಐಎಸ್ 875ರ 3ನೆಯ ಭಾಗದಲ್ಲಿರುವ ಸೂತ್ರದಂತೆ ಗಾಳಿಯ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತದೆ. ವಿನ್ಯಾಸದ ವೇಗವನ್ನು ಸೆಕೆಂಡಿಗೆ 39 ಮೀಟರ್ ಎಂದು ಉದಾಹರಣೆಗೆ ಹಿಡಿದರೆ ಅದು ಚದರ ಮೀಟರಿಗೆ ಸುಮಾರು 913 ನ್ಯೂಟನ್, ಅಂದರೆ ಸುಮಾರು 93 ಕಿಲೋ. ಬದಿಗಳು ತೆರೆದ ಶೆಡ್ಡಿನಲ್ಲಿ, ಇಲ್ಲವೇ ಒಂದೇ ಕಡೆ ದೊಡ್ಡ ಬಾಗಿಲಿರುವ ಗೋದಾಮಿನಲ್ಲಿ, ಒಳಗಿನಿಂದ ನೂಕುವ ಮತ್ತು ಮೇಲಿನಿಂದ ಹೀರುವ ಬಲಗಳು ಕೂಡಿ ಇಷ್ಟೇ ಪ್ರಮಾಣದ ಎತ್ತುಬಲ ಚಾವಣಿಯ ಮೇಲೆ ಬರಬಹುದು. ಚಾವಣಿಯ ತೂಕದ ನಾಲ್ಕು ಪಟ್ಟಿಗಿಂತ ಹೆಚ್ಚು. ಆಗ ಟ್ರಸ್ಸಿನ ಬಲಗಳೆಲ್ಲ ತಲೆಕೆಳಗಾಗುತ್ತವೆ: ಒತ್ತಿಸಿಕೊಳ್ಳುತ್ತಿದ್ದ ಇಳಿಜಾರು ಸರಳು ಎಳೆಸಿಕೊಳ್ಳುತ್ತದೆ, ಎಳೆಸಿಕೊಳ್ಳುತ್ತಿದ್ದ ಟೈ ಒತ್ತಿಸಿಕೊಳ್ಳುತ್ತದೆ. ಟೈ ಎಂದರೆ ಬರೀ ಎಳೆತ ಎಂದು ತಿಳಿದು ತೆಳ್ಳಗಿನ, ಉದ್ದನೆಯ ಸರಳು ಹಾಕಿದ್ದರೆ ಅದು ಬಿಲ್ಲಿನಂತೆ ಬಾಗುತ್ತದೆ. 500 ಚದರ ಮಿಲಿಮೀಟರಿನ, 6 ಮೀಟರ್ ಉದ್ದದ, 10 ಮಿಲಿಮೀಟರ್ ರೇಡಿಯಸ್ ಆಫ್ ಗೈರೇಶನ್ ಇರುವ ಟೈ ಒತ್ತಿದಾಗ ಹೊರಬಲ್ಲದ್ದು ಬರೀ 2.7 ಕಿಲೋನ್ಯೂಟನ್. ಎಳೆದಾಗ ಇದೇ ಟೈ 15ನ್ನು ನಿರಾಯಾಸವಾಗಿ ಹೊತ್ತಿತ್ತು. ಎತ್ತುಬಲದ ಲೆಕ್ಕವನ್ನೇ ತಂತ್ರಾಂಶಕ್ಕೆ ಕೊಡದಿದ್ದರೆ ಅದು ಈ ಮಾತನ್ನು ನಮಗೆ ಎಂದಿಗೂ ಹೇಳುವುದಿಲ್ಲ. ಕೇಳದ ಪ್ರಶ್ನೆಗೆ ಮ್ಯಾಟ್ರಿಕ್ಸ್ ಉತ್ತರ ಕೊಡಲಾರದು.

ಗಂಟುಗಳ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಟ್ರಸ್ಸಿನ ಗಣಿತದಲ್ಲಿ ಗಂಟು ಒಂದು ಬಿಂದು; ವರ್ಕ್‌ಶಾಪಿನಲ್ಲಿ ಅದು ಗಸೆಟ್ ಪ್ಲೇಟು (ಸರಳುಗಳ ತುದಿಗಳನ್ನು ಜೋಡಿಸುವ ಉಕ್ಕಿನ ಫಲಕ), ಬೋಲ್ಟು, ವೆಲ್ಡಿಂಗು. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಮಿಸ್ಸಿಸಿಪ್ಪಿ ನದಿಯ ಮೇಲಿದ್ದ, 1967ರಲ್ಲಿ ಸಂಚಾರಕ್ಕೆ ತೆರೆದ ಉಕ್ಕಿನ ಟ್ರಸ್ ಸೇತುವೆ 2007ರ ಆಗಸ್ಟ್ 1ರಂದು ಕುಸಿದು 13 ಜನ ಸತ್ತರು, 145 ಜನ ಗಾಯಗೊಂಡರು. ಕೆಲವು ಗಂಟುಗಳ ಗಸೆಟ್ ಪ್ಲೇಟುಗಳು ಇರಬೇಕಾದ ದಪ್ಪದ ಅರ್ಧದಷ್ಟೇ, ಅರ್ಧ ಇಂಚು ಮಾತ್ರ ಇದ್ದುದು ತನಿಖೆಯಲ್ಲಿ ಹೊರಬಂತು. ಸರಳುಗಳ ಲೆಕ್ಕ ಎಷ್ಟೇ ಸೂಕ್ಷ್ಮವಾಗಿದ್ದರೂ ಗಂಟಿನ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು. ಹಾಗೆಯೇ ಪರ್ಲಿನ್ ಗಂಟಿನ ಮೇಲೆ ಕೂರದೆ ಎರಡು ಗಂಟುಗಳ ನಡುವೆ ಕೂತರೆ ಇಳಿಜಾರು ಸರಳು ಒತ್ತುಬಲದ ಜೊತೆಗೆ ತೊಲೆಯಂತೆ ಬಾಗುವ ಕೆಲಸವನ್ನೂ ಮಾಡಬೇಕಾಗುತ್ತದೆ. ಟ್ರಸ್ ಎಲಿಮೆಂಟಿಗೆ ಈ ಬಾಗುವಿಕೆ ಗೊತ್ತೇ ಇಲ್ಲ. ಪತ್ರಾಸಿನ ಅಳತೆಗೆ ಹೊಂದಿಸಲು ಪರ್ಲಿನ್ ಜಾಗ ಬದಲಿಸುವ ಮೇಸ್ತ್ರಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ಇಷ್ಟು ಓದಿದವರು, ಹಾಗಾದರೆ ಈ ವಿಧಾನವನ್ನೇ ಬಿಟ್ಟು ಹಳೆಯ ಪದ್ಧತಿಗೆ ಮರಳಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಮ್ಯಾಕ್ಸ್‌ವೆಲ್ 1864ರಲ್ಲಿ, ಕ್ರೆಮೊನಾ 1872ರಲ್ಲಿ ಬಲಗಳನ್ನು ರೇಖಾಚಿತ್ರವಾಗಿ ಬರೆದು ಬಿಡಿಸುವ ಚಂದದ ಪದ್ಧತಿಯನ್ನು ಬೆಳೆಸಿದರು. ನಾವು ಅದನ್ನು ಡ್ರಾಯಿಂಗ್ ಬೋರ್ಡಿನ ಮೇಲೆ ಕಲಿತವರು. ಆದರೆ ಸಮತೋಲನದ ನಿಯಮಗಳಷ್ಟರಿಂದಲೇ ಬಿಡಿಸಲಾಗದ, ಹೆಚ್ಚುವರಿ ಸರಳುಗಳುಳ್ಳ ಟ್ರಸ್ಸಿನಲ್ಲಿ, ನೂರಾರು ಗಂಟುಗಳ ಸ್ಪೇಸ್ ಟ್ರಸ್ಸಿನಲ್ಲಿ, ಹತ್ತಾರು ಗಾಳಿದಿಕ್ಕುಗಳ ಲೆಕ್ಕದಲ್ಲಿ ಫೈನೈಟ್ ಎಲಿಮೆಂಟ್ ವಿಧಾನಕ್ಕೆ ಸಾಟಿಯಿಲ್ಲ. ಅದರ ಹುಟ್ಟಿನಲ್ಲಿಯೇ ಟ್ರಸ್ಸು ಇದೆ ಎಂಬುದನ್ನು ನಮ್ಮ ತರಗತಿಗಳಲ್ಲಿ ಹೇಳಬೇಕು. 1941ರಲ್ಲಿ ಹ್ರೆನ್ನಿಕಾಫ್ ಎಂಬ ಎಂಜಿನಿಯರ್ ಅಖಂಡ ಫಲಕವನ್ನು ಸರಳುಗಳ ಜಾಲವೆಂದು ಭಾವಿಸಿ ಬಿಡಿಸುವ ದಾರಿ ತೋರಿಸಿದರು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಸೇರಿ ವಿಮಾನದ ರೆಕ್ಕೆಯಂಥ ರಚನೆಗಳಿಗೆ ಬಿಗಿತದ ವಿಧಾನವನ್ನು ವಿಸ್ತರಿಸಿದ ಪ್ರಬಂಧ ಪ್ರಕಟಿಸಿದರು. 1960ರಲ್ಲಿ ಕ್ಲಫ್ ಅವರೇ ಇದಕ್ಕೆ ಫೈನೈಟ್ ಎಲಿಮೆಂಟ್ ಎಂಬ ಹೆಸರಿಟ್ಟರು. ಅಂದಮೇಲೆ ಮೂರು ಸರಳಿನ ಟ್ರಸ್ಸನ್ನು ಕೈಯಾರೆ ಬಿಡಿಸುವ ವಿದ್ಯಾರ್ಥಿ ಹಳೆಯದಕ್ಕೆ ಅಂಟಿಕೊಂಡವನಲ್ಲ. ಅವನು ಆ ವಿಧಾನದ ಬೇರನ್ನೇ ಮುಟ್ಟುತ್ತಿದ್ದಾನೆ.

ಕೈಯಾರೆ ಬಿಡಿಸದವರಿಗೆ ಆಗುವ ಗೊಂದಲಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಮಷಿನ್ ಭಾಗಗಳನ್ನು ವಿಶ್ಲೇಷಿಸುವಾಗ ಎಲಿಮೆಂಟುಗಳನ್ನು ಚಿಕ್ಕದಾಗಿಸಿದಷ್ಟೂ ಉತ್ತರ ನಿಖರವಾಗುತ್ತದೆ ಎಂದು ಮಕ್ಕಳು ಸರಿಯಾಗಿಯೇ ಕಲಿತಿರುತ್ತಾರೆ. ಅದೇ ಹುರುಪಿನಲ್ಲಿ ಟ್ರಸ್ಸಿನ ಪ್ರತಿ ಸರಳನ್ನೂ ನಡುವೆ ಕತ್ತರಿಸಿ ಎರಡು ಎಲಿಮೆಂಟ್ ಮಾಡುತ್ತಾರೆ. ಆದರೆ ಟ್ರಸ್ ಎಲಿಮೆಂಟಿನ ಎರಡು ತುದಿಗಳೂ ಕೀಲುಗಳು. ನಡುವೆ ಹುಟ್ಟಿದ ಹೊಸ ಗಂಟು ಪಕ್ಕಕ್ಕೆ ಸರಿಯುವುದನ್ನು ತಡೆಯುವವರೇ ಇಲ್ಲ. ನೆಟ್ಟಗಿದ್ದ ಸರಳು ಮೊಣಕಾಲಿನಂತೆ ಮಡಚಬಲ್ಲದ್ದಾಗಿ, ಇಡೀ ಮ್ಯಾಟ್ರಿಕ್ಸ್ ಉತ್ತರವಿಲ್ಲದ್ದಾಗುತ್ತದೆ. ಗಂಟುಗಳಲ್ಲೇ ಭಾರ ಬೀಳುವ ಟ್ರಸ್ಸಿಗೆ ಪ್ರತಿ ಸರಳಿಗೆ ಒಂದೇ ಎಲಿಮೆಂಟ್ ಸಾಕು, ಅದರಿಂದ ಬರುವ ಉತ್ತರ ಅಂದಾಜಲ್ಲ, ಆ ಊಹೆಗಳ ಮಿತಿಯಲ್ಲಿ ಪೂರ್ಣ ನಿಖರ ಎಂಬುದು ಒಮ್ಮೆ ಕೈಯಿಂದ ಬಿಡಿಸಿದವರಿಗೆ ಹೇಳದೆಯೇ ತಿಳಿಯುತ್ತದೆ. ಕೆಲವು ತಂತ್ರಾಂಶಗಳು ಇಂಥ ಅಸ್ಥಿರತೆ ಕಂಡಾಗ ತಾವೇ ಒಂದು ದುರ್ಬಲ ಸ್ಪ್ರಿಂಗ್ ಸೇರಿಸಿ, ಒಂದು ಸಾಲಿನ ಎಚ್ಚರಿಕೆ ಅಚ್ಚು ಮಾಡಿ ಲೆಕ್ಕ ಮುಗಿಸುತ್ತವೆ. ಆ ಒಂದು ಸಾಲು ನೂರು ಪುಟಗಳ ನಡುವೆ ಹೂತುಹೋಗಿರುತ್ತದೆ.

ಬೆಳಗಾವಿಯ ಜ್ಞಾನ ಸಂಗಮದಲ್ಲಿ 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಬಾಗಲಕೋಟೆಯಲ್ಲಿ 1963ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ವಿಜಯಪುರದಲ್ಲಿಯೂ ಬೆಳಗಾವಿಯಲ್ಲಿಯೂ ಹೆಸರಾಂತ ಕಾಲೇಜುಗಳಿವೆ. ಈ ಮೂರು ಜಿಲ್ಲೆಗಳಲ್ಲಿ ವಿದ್ಯೆಗೆ ಕೊರತೆಯಿಲ್ಲ. ಆದ್ದರಿಂದ ನನ್ನ ಮೊದಲನೆಯ ವಿನಂತಿ ಅಧ್ಯಾಪಕ ಬಂಧುಗಳಿಗೆ. ತಂತ್ರಾಂಶದ ಪ್ರಯೋಗಶಾಲೆಗೆ ಕಳುಹಿಸುವ ಮೊದಲು ಪ್ರತಿ ವಿದ್ಯಾರ್ಥಿಯಿಂದಲೂ ಮೂರು ಸರಳಿನ ಟ್ರಸ್ಸನ್ನು ಮೊದಲಿನಿಂದ ಕೊನೆಯವರೆಗೆ ಕೈಯಾರೆ ಬಿಡಿಸಿಸಿರಿ. ಒಮ್ಮೆ ಪಿನ್ ಮತ್ತು ರೋಲರ್ ಇಟ್ಟು, ಒಮ್ಮೆ ಎರಡೂ ಪಿನ್ ಇಟ್ಟು, ಒಮ್ಮೆ ಭಾರವನ್ನು ಮೇಲ್ಮುಖ ಮಾಡಿ. ಒಂದು ಮಧ್ಯಾಹ್ನದ ಕೆಲಸವಿದು. ಆಮೇಲೆ ಅದೇ ಟ್ರಸ್ಸನ್ನು ತಂತ್ರಾಂಶದಲ್ಲಿ ಮಾಡಿಸಿ ಉತ್ತರ ತಾಳೆ ನೋಡಿಸಿರಿ. ಆ ಬಳಿಕ ಮಕ್ಕಳನ್ನು ಊರೊಳಗೆ ಕರೆದೊಯ್ದು ಒಂದು ನಿಜವಾದ ಶೆಡ್ಡಿನ ಮುಂದೆ ನಿಲ್ಲಿಸಿ, ಇಲ್ಲಿ ರೋಲರ್ ಎಲ್ಲಿದೆ ಎಂದು ಕೇಳಿರಿ. ಟ್ರಸ್ಸಿನ ಕಾಲಿನಡಿಯ ಬೇಸ್ ಪ್ಲೇಟಿನಲ್ಲಿ ಕಾಲು ಸರಿಯಲೆಂದು ಬಿಟ್ಟ ಉದ್ದನೆಯ ತೂತನ್ನು ಹುಡುಕಿ ತೋರಿಸಿದ ಹುಡುಗಿ, ಅದು ಇಲ್ಲವೆಂದು ಗುರುತಿಸಿದ ಹುಡುಗ ಮುಂದೆ ಎಂದಿಗೂ ಕಣ್ಣುಮುಚ್ಚಿ ಕ್ಲಿಕ್ ಮಾಡುವುದಿಲ್ಲ.

ಎರಡನೆಯ ವಿನಂತಿ ಕಾಮಗಾರಿಗಳಿಗೆ ಒಪ್ಪಿಗೆ ಕೊಡುವ ಇಲಾಖೆಗಳಿಗೆ, ಪಂಚಾಯಿತಿಗಳಿಗೆ, ಶಾಲಾಭಿವೃದ್ಧಿ ಸಮಿತಿಗಳಿಗೆ. ಸಾರ್ವಜನಿಕ ಹಣದಿಂದ ಕಟ್ಟುವ ಪ್ರತಿ ಟ್ರಸ್ ಚಾವಣಿಯ ಕಡತದಲ್ಲಿ, ಗಣಕಯಂತ್ರದ ಲೆಕ್ಕದ ಮೇಲೆ, ಕನ್ನಡದಲ್ಲಿ ಬರೆದ ಒಂದು ಪುಟ ಇರಬೇಕೆಂದು ಕಡ್ಡಾಯ ಮಾಡಿರಿ. ಟ್ರಸ್ಸು ಯಾವುದರ ಮೇಲೆ ಕೂತಿದೆ, ಗೋಡೆಯ ಮೇಲೆ ಅಡ್ಡಲಾಗಿ ಎಷ್ಟು ಬಲ ಬೀಳುತ್ತದೆ, ಗಾಳಿ ಚಾವಣಿಯನ್ನು ಎಷ್ಟು ಎತ್ತುತ್ತದೆ ಮತ್ತು ಅದನ್ನು ಹಿಡಿದಿಡುವ ಬೋಲ್ಟುಗಳು ಎಷ್ಟು, ಅತಿ ಉದ್ದದ ಒತ್ತುಬಲದ ಸರಳು ಯಾವುದು ಮತ್ತು ಅದಕ್ಕೆ ಅಡ್ಡ ಆಧಾರ ಎಲ್ಲಿದೆ, ಪರ್ಲಿನ್‌ಗಳು ಎಲ್ಲಿ ಕೂರಬೇಕು, ಚಾವಣಿ ಹೊದಿಸಿದ ಮೇಲೆ ನಡು ಎಷ್ಟು ಮಿಲಿಮೀಟರ್ ಬಾಗಬೇಕು: ಇಷ್ಟನ್ನು ಒಬ್ಬ ಮುಖ್ಯೋಪಾಧ್ಯಾಯರಿಗೆ, ಒಬ್ಬ ವೆಲ್ಡರ್‌ಗೆ ತಿಳಿಯುವ ಮಾತಿನಲ್ಲಿ ಬರೆಯುವುದು ಸಾಧ್ಯವಿದೆ. ಕೊನೆಯ ಅಂಕಿಯನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಒಂದು ದಾರ, ಒಂದು ಅಳತೆಪಟ್ಟಿ ಇದ್ದರೆ ಅದನ್ನು ಯಾರು ಬೇಕಾದರೂ ಅಳೆಯಬಹುದು. ಹೇಳಿದ್ದಕ್ಕಿಂತ ಎರಡು ಪಟ್ಟು ಬಾಗಿದ್ದರೆ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಸುವ ಅಧಿಕಾರ ಆ ಊರಿನವರಿಗೆ ಸಿಗುತ್ತದೆ.

ಇದಕ್ಕೆ ವೆಚ್ಚ ಹೆಚ್ಚೇನಿಲ್ಲ. ಲೆಕ್ಕ ಸರಿಯಾಗಿ ಮಾಡಿದ ಎಂಜಿನಿಯರ್‌ಗೆ ಆ ಪುಟ ಬರೆಯಲು ಒಂದು ಗಂಟೆ ಸಾಕು. ಬರೆಯಲಾಗದಿದ್ದರೆ ತನ್ನ ಲೆಕ್ಕದ ಊಹೆಗಳೇನೆಂದು ಅವರಿಗೇ ತಿಳಿದಿಲ್ಲವೆಂದು ಅರ್ಥ, ಮತ್ತು ಅದು ಚಾವಣಿ ಏರುವ ಮೊದಲೇ ಹೊರಬೀಳುವುದು ಒಳ್ಳೆಯದು.

ಆ ಶಾಲೆಯಲ್ಲಿ ಈಗ ಪ್ರತಿ ಟ್ರಸ್ಸಿಗೂ ಸರಿಯಾದ ಗಾತ್ರದ ಜೋಡಿ ಆ್ಯಂಗಲ್‌ನ ಟೈ ಹಾಕಿಸುವ ಕೆಲಸ ನಡೆದಿದೆ. ಟೈಗಳಿಗೆ ಉದ್ದಕ್ಕೂ ಅಡ್ಡ ಆಧಾರ ಕೊಟ್ಟು, ಒಂದು ಬದಿಯ ಬೇಸ್ ಪ್ಲೇಟುಗಳ ತೂತುಗಳನ್ನು ಉದ್ದ ಮಾಡಿಸಿ, ಎತ್ತುಬಲಕ್ಕೆ ಬೇಕಾದ ಬೋಲ್ಟುಗಳನ್ನು ಕಾಂಕ್ರೀಟಿನ ಪಟ್ಟಿಯೊಳಗೆ ಇಳಿಸಲಾಗುತ್ತಿದೆ. ಅದರ ಲೆಕ್ಕವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ಅವರು ಅದನ್ನು ಕಚೇರಿಯ ಗೋಡೆಗೆ ಅಂಟಿಸಿದ್ದಾರೆ. ಯಾವುದೇ ಶಾಲೆ, ಪಂಚಾಯಿತಿ ಅಥವಾ ಕಾಲೇಜಿನವರು ಅದನ್ನು ಮಾದರಿಯಾಗಿ ನೋಡಬಯಸಿದರೆ ತಮ್ಮ ಪತ್ರಿಕೆಯ ಕಚೇರಿಯ ಮೂಲಕ ತಿಳಿಸಲಿ, ಪ್ರತಿಯನ್ನು ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಿವಿಲ್ ಎಂಜಿನಿಯರಿಂಗ್ ಅಧ್ಯಾಪಕ
ನವನಗರ, ಬಾಗಲಕೋಟೆ